ಹತ್ತದೆ ಬಿಟ್ಟ ಮೆಟ್ಟಿಲು

ಹೆಂಡತಿ ಅಂಟು ಕುದಿಸುತ್ತಿದ್ದಳು. ಇಪ್ಪತ್ತೊಂಬತ್ತು ವರ್ಷಗಳಿಂದ ಸೋಮವಾರ ಬೆಳಗಾದರೆ ಅದೇ ಸೊಟ್ಟ ಪಾತ್ರೆ, ಅದೇ ಮರದ ಸೌಟು, ಒಂದು ಹಿಡಿ ಮೈದಾ, ಎರಡು ಲೋಟ ನೀರು, ಹುಳ ಹಿಡಿಯದಿರಲೆಂದು ಚಿಟಿಕೆ ಮೈಲುತುತ್ತ. ಆರಿದ ಮೇಲೆ ಅಗಲ ಬಾಯಿಯ ಶೀಶೆಗೆ ತುಂಬಿ, ಬ್ರಷ್ಷಿನ ಜೊತೆ ಅವನ ಚೀಲದ ಎಡಗಡೆಯ ಅರೆಯಲ್ಲಿ ಇಡುತ್ತಾಳೆ. ಇವತ್ತು ಅಂಟು ಬೇಡ ಎಂದು ಅವನು, ಕೋರ್ಟಿನ ನೋಟಿಸು ಮುಟ್ಟಿಸುವ ಅಮೀನ, ಹೇಳಬೇಕಿತ್ತು. ಹೇಳಿದರೆ ಯಾಕೆ ಎಂದು ಕೇಳುತ್ತಾಳೆ. ಇವತ್ತು ನೋಟಿಸು ಹಿಡಿದು ಬೀದಿ ಅಲೆಯುವ ಕೆಲಸವಿಲ್ಲ, ನಾನೇ ಕಟಕಟೆ ಹತ್ತಬೇಕು ಎನ್ನಬೇಕಾಗುತ್ತದೆ. ಆಮೇಲೆ ಅವಳ ಪ್ರಶ್ನೆಗಳಿಗೆ ಯಾವ ವಕೀಲನೂ ಸಾಟಿಯಲ್ಲ. ಅವನು ಗೋಡೆಗೆ ಒರಗಿ ನಿಂತು ಮೈದಾ ಡಬ್ಬಿಯ ಕಡೆಗೆ ನೋಡಿದ. ಡಬ್ಬಿಯ ಅಡಿಯಲ್ಲಿ, ಕಪಾಟಿನ ಹಲಗೆಗೆ ಹಾಸಿದ ಗಟ್ಟಿ ಕಾಗದದ ಅಂಚು ಒಂದು ಬೆರಳಿನಷ್ಟು ಹೊರಗೆ ಚಾಚಿತ್ತು. ಅಂಚಿನಲ್ಲಿ ಅರ್ಧ ಮೊಹರು. ಹನ್ನೊಂದು ತಿಂಗಳಿಂದ ಆ ಅರ್ಧ ಮೊಹರು ಅವನಿಗೆ ಕಾಣುತ್ತಿದೆ. ಚೀಲ ಝಾಡಿಸುವಾಗ ಸಿಕ್ಕಿದ ಕಾಗದವನ್ನು ಅವಳು ಹಿಂದುಗಡೆ ಖಾಲಿಯಿದೆ, ಗಟ್ಟಿಯಿದೆ ಎಂದು ಹಲಗೆಗೆ ಹಾಸಿದ್ದಳು. ಅವನು ಅದನ್ನು ಕಂಡ ದಿನವೇ ತೆಗೆದು ಹರಿದುಹಾಕಬಹುದಿತ್ತು, ಇಲ್ಲವೇ ತೆಗೆದುಕೊಂಡು ಹೋಗಿ ಮುಟ್ಟಿಸಬೇಕಾದವರಿಗೆ ಮುಟ್ಟಿಸಬಹುದಿತ್ತು. ಎರಡನ್ನೂ ಮಾಡದೆ ಪ್ರತಿದಿನ ಅದರ ಎದುರಿಗೇ ಕಾಫಿ ಕುಡಿದ. ಅವಳು ಪಾತ್ರೆ ಇಳಿಸಿ ನೀರು ತರಲು ಹಿತ್ತಲಿಗೆ ಹೋದಾಗ ಡಬ್ಬಿ ಎತ್ತಿ ಕಾಗದ ಎಳೆದುಕೊಂಡ. ಹಿಟ್ಟು ಉದುರಿತು. ನಾಲ್ಕಾಗಿ ಮಡಿಸಿ ಅಂಗಿಯ ಒಳಜೇಬಿಗೆ ಸೇರಿಸಿದ. ಯಾಕೆ ತೆಗೆದುಕೊಂಡನೆಂದು ಅವನಿಗೇ ತಿಳಿಯಲಿಲ್ಲ.

ಕೋರ್ಟಿನವರೆಗೆ ನಡೆದೇ ಹೋಗುತ್ತಾನೆ. ನೋಟಿಸು ಮುಟ್ಟಿಸುವವನಿಗೆ ಊರು ಬಾಗಿಲುಗಳ ಲೆಕ್ಕದಲ್ಲಿ ಗೊತ್ತಿರುತ್ತದೆ. ಈ ನೀಲಿ ಬಾಗಿಲಿನವನು ನೋಡಿದ ಕೂಡಲೇ ಹಿಂದಿನಿಂದ ಓಡುತ್ತಾನೆ, ಆ ಗಾಜಿನ ಬಾಗಿಲಿನವಳು ಸಹಿ ಹಾಕುವ ಮೊದಲು ಕನ್ನಡಕ ಹುಡುಕಲು ಅರ್ಧ ಗಂಟೆ ಹಿಡಿಸುತ್ತಾಳೆ, ಮೂಲೆಮನೆಯ ಮುದುಕ ನೋಟಿಸನ್ನು ಮುಟ್ಟದೆ ಕೈ ಹಿಂದೆ ಕಟ್ಟಿಕೊಳ್ಳುತ್ತಾನೆ, ಮುಟ್ಟಿದರೆ ಸೋತಂತೆ ಎಂದು ಅವನ ನಂಬಿಕೆ. ಸಿಗದವರ ಬಾಗಿಲಿಗೆ ಅಂಟಿಸಬೇಕು. ಹಾಗಾಗಿ ಮಕ್ಕಳು ಅವನಿಗೆ ಅಂಟಪ್ಪ ಎಂದು ಹೆಸರಿಟ್ಟಿದ್ದವು, ಆ ಮಕ್ಕಳೀಗ ತಾವೇ ದಾವೆ ಹೂಡುವಷ್ಟು ದೊಡ್ಡವರಾಗಿದ್ದಾರೆ. ಕೆಲಸಕ್ಕೆ ಸೇರಿದ ಹೊಸದರಲ್ಲಿ ಶಿರಸ್ತೇದಾರರು ಹೇಳಿದ್ದರು, ನೋಡಯ್ಯ, ಜಗಳ ಆಡೋರು ಒಬ್ಬರ ಮುಖ ಒಬ್ಬರು ನೋಡಲಾರದೇ ಇಲ್ಲಿಗೆ ಬರೋದು, ಇಬ್ಬರನ್ನೂ ಕರೆದು ಕೇಳಿದರೆ ಅದು ನ್ಯಾಯ, ಒಬ್ಬನ್ನೇ ಕೇಳಿದರೆ ಅದು ಚಾಡಿ, ಎರಡನೆಯವನನ್ನು ಕರೆಯೋನು ನೀನು. ಆಗ ಅವನಿಗೆ ಎದೆ ಉಬ್ಬಿತ್ತು. ಸೈಕಲ್ಲಿನ ಮೇಲೆ ದೇಶವನ್ನೇ ಹೊತ್ತು ಹೋಗುವವನಂತೆ ತಿರುಗಿದ್ದ. ಗೆದ್ದವ ಸೋತ, ಸೋತವ ಸತ್ತ ಎಂದು ಜನ ಕೋರ್ಟನ್ನು ಬೈಯುವಾಗ, ಕರೆಯದೆ ಬಿಟ್ಟವನ ಗತಿ ಏನೆಂದು ಗಾದೆ ಮಾಡಿದವನಿಗೂ ಹೊಳೆದಿರಲಿಲ್ಲ. ಹೋದ ವಾರ ಅವನ ಜೊತೆಗಾರ, ಇನ್ನೊಬ್ಬ ಅಮೀನ, ಊಟದ ಹೊತ್ತಿನಲ್ಲಿ ಒಂದು ಸಮನ್ಸು ಚಾಚಿ, "ತಗೋ, ಇವತ್ತು ನಿಂಗೇ ಒಂದು ಬಂದಿದೆ, ಬಾಗಿಲಿಗೆ ಅಂಟಿಸ್ಲೋ, ಹಣೆಗೆ ಅಂಟಿಸ್ಲೋ?" ಎಂದು ನಕ್ಕ. ಎಲ್ಲರೂ ನಕ್ಕರು. ಅವನೂ ನಕ್ಕ. ಸಹಿ ಹಾಕುವಾಗ, ಇಷ್ಟು ವರ್ಷ ತಾನು ಪೆನ್ನು ಚಾಚಿದಾಗ ಎದುರಿನವರ ಕೈ ಯಾಕೆ ಹಾಗೆ ತಡವರಿಸುತ್ತಿತ್ತೆಂದು ಗೊತ್ತಾಯಿತು.

ಹನ್ನೊಂದು ತಿಂಗಳ ಹಿಂದೆ, ಅವತ್ತು ಬಿಸಿಲಿತ್ತು. ಬಿಸಿಲೇ ಕಾರಣ ಎಂದು ಎಷ್ಟೋ ತಿಂಗಳು ನಂಬಿಕೊಂಡಿದ್ದ, ಆಮೇಲೆ ಮೊಣಕಾಲು ಎಂದುಕೊಂಡ. ನಿಜ ನೋಡಿದರೆ ಕಾರಣ ಅದಕ್ಕೂ ಮೊದಲು ಹೋಗಿದ್ದ ಮನೆ. ಆ ಮನೆಯ ಯಜಮಾನ ನೋಟಿಸನ್ನು ಕೈಗೆ ತೆಗೆದುಕೊಳ್ಳದೆ, ಅಂಗಳದಲ್ಲಿ ನೆಂಟರೆಲ್ಲ ಕೂತಿರುವಾಗ, ಓದು, ನೀನೇ ಗಟ್ಟಿಯಾಗಿ ಓದು ಎಂದು ನಿಲ್ಲಿಸಿದ್ದ. ಅವನು ಓದಿದ. ಸದರಿ, ಮೇಲ್ಕಂಡ, ಹಾಜರಾಗತಕ್ಕದ್ದು ಎಂದಾಗಲೆಲ್ಲ ಒಂದು ಹುಡುಗಿ ಅವನ ದನಿಯನ್ನೇ ಅಣಕಿಸಿದಳು. ಯಾರೂ ಗದರಲಿಲ್ಲ. ಓದಿ ಮುಗಿದ ಮೇಲೆ ಯಜಮಾನ, "ಚೆನ್ನಾಗಿ ಓದ್ತೀಯ, ಹೋಗು" ಎಂದ. ಅಲ್ಲಿಂದ ಹೊರಟು ಬಂದವನು ಗಡಿಯಾರ ರಿಪೇರಿಯವನ ಅಂಗಡಿಯ ಮುಂದೆ, ಎರಡು ಮಹಡಿಯ ಆ ಹಳೆಯ ಕಟ್ಟಡದ ಮೆಟ್ಟಿಲ ಬುಡದಲ್ಲಿ ಕೂತ. ಮೇಲಿನ ಎರಡು ಕೋಣೆಯ ಹೆಂಗಸಿಗೆ ನೋಟಿಸು. ಅಣ್ಣ ಹೂಡಿದ ದಾವೆ, ಕೋಣೆಗಳು ನನ್ನವು, ತಂಗಿ ಬಿಟ್ಟು ಹೋಗಲಿ ಎಂದು. ಮೆಟ್ಟಿಲು ಇಕ್ಕಟ್ಟು, ಕತ್ತಲು, ಕಡಿದು. ಮೇಲೆ ಹತ್ತಿದರೆ ಅಲ್ಲೂ ಒಬ್ಬರು ಓದು ಎನ್ನಬಹುದು ಅನ್ನಿಸಿತು. "ಮೇಲೆ ಯಾರಾದ್ರೂ ಇದಾರಾ?" ಎಂದು ಕೇಳಿದ. ಗಡಿಯಾರದವನು ಕಣ್ಣಿಗೆ ಸಿಕ್ಕಿಸಿಕೊಂಡ ಭೂತಗನ್ನಡಿ ತೆಗೆಯದೆಯೇ, "ಇದ್ರೂ ಇರಬಹುದು, ಇಲ್ದೇನೂ ಇರಬಹುದು" ಎಂದ. ಈ ಬೀದಿಯ ಅರ್ಧ ನೋಟಿಸುಗಳಿಗೆ ಅವನೇ ಸಾಕ್ಷಿ, ಎಲ್ಲಿ ಸಹಿ ಎಂದು ಕೂಡ ಕೇಳುವುದಿಲ್ಲ. ಅಮೀನ ಕೂತಲ್ಲೇ ತೊಡೆಯ ಮೇಲೆ ಕಾಗದ ಇಟ್ಟು ಷರಾ ಬರೆದ. ಮನೆಗೆ ಬೀಗ ಹಾಕಿತ್ತು, ನೋಟಿಸನ್ನು ಸಾಕ್ಷಿಯ ಸಮಕ್ಷಮ ಮುಂಬಾಗಿಲಿಗೆ ಅಂಟಿಸಲಾಗಿದೆ. ಕೈ ಪಳಗಿತ್ತು, ಒಂದು ಅಕ್ಷರವೂ ನಡುಗಲಿಲ್ಲ. ಅಂಟಿಸಬೇಕಾದ ನೋಟಿಸಿನ ಪ್ರತಿ ವಾಪಸು ಚೀಲ ಸೇರಿತು. ನಾಳೆ ಬಂದು ಅಂಟಿಸಿದರಾಯಿತು ಎಂದುಕೊಂಡಿದ್ದ. ನಾಳೆ ಬೇರೆ ಬೀದಿಯ ಕೆಲಸ ಬಂತು. ತಂಗಿ ಹಾಜರಾಗಲಿಲ್ಲ, ಕರೆದದ್ದು ಗೊತ್ತಿದ್ದರೆ ತಾನೇ ಆಗುವುದು? ಅಣ್ಣನ ಮಾತನ್ನಷ್ಟೇ ಕೇಳಿ ತೀರ್ಪಾಯಿತು. ಕೋಣೆ ಖಾಲಿ ಮಾಡಿಸುವ ವಾರಂಟು ಹಿಡಿದು ಜೊತೆಗಾರ ಮೆಟ್ಟಿಲು ಹತ್ತಿದಾಗಲೇ ತನ್ನ ಮೇಲೊಂದು ದಾವೆ ಇತ್ತೆಂದು ಅವಳಿಗೆ ತಿಳಿದದ್ದು. ನನಗೆ ನೋಟಿಸೇ ಬರಲಿಲ್ಲ, ತೀರ್ಪು ರದ್ದು ಮಾಡಿ ಎಂದು ಅವಳು ಅರ್ಜಿ ಹಾಕಿದ್ದಳು. ಅಂಟಿಸಿದೆ ಎಂದು ಅವನು ಹೇಳಿದರೆ ಅವಳ ಕೋಣೆ ಹೋಗುತ್ತದೆ. ಅಂಟಿಸಲಿಲ್ಲ ಎಂದರೆ ಇವನ ಕೆಲಸ ಹೋಗುತ್ತದೆ. ನಿವೃತ್ತಿಗೆ ಇನ್ನು ಐದು ತಿಂಗಳು.

ಕೋರ್ಟಿನ ಗೇಟಿನ ಹತ್ತಿರ ಬಂದಾಗ ಮೊಣಕಾಲು ನಿನ್ನೆಯ ನೋವನ್ನು ನೆನಪಿಸಿತು. ನಿನ್ನೆ ಸಂಜೆ ಆ ಮೆಟ್ಟಿಲು ಹತ್ತಿದ್ದ. ಹನ್ನೊಂದು ತಿಂಗಳ ಮೇಲೆ, ಭಾನುವಾರ, ತರಕಾರಿ ತರುತ್ತೇನೆಂದು ಹೇಳಿ ಹೊರಟವನ ಕಾಲು ಅಲ್ಲಿಗೇ ಹೋಯಿತು. ಬಾಗಿಲಿನ ಬಣ್ಣವನ್ನಾದರೂ ನೋಡಿ ಬಂದರೆ ನಾಳೆ ವಕೀಲರು ಕೇಳಿದಾಗ ತಡವರಿಸಬೇಕಾಗಿಲ್ಲ ಎಂದು ಮನಸ್ಸಿಗೆ ಹೇಳಿಕೊಂಡಿದ್ದ. ಸುಳ್ಳಿಗೆ ಬೇಕಾದ ಸಾಮಾನು ಕೊಳ್ಳಲು ಹೋದವನ ಹಾಗೆ ಚೀಲವೂ ಕೈಯಲ್ಲಿತ್ತು. ಮೂವತ್ತಾರು ಮೆಟ್ಟಿಲು. ಹದಿನೆಂಟರಲ್ಲಿ ಒಂದು ಸಲ, ಇಪ್ಪತ್ತೇಳರಲ್ಲಿ ಒಂದು ಸಲ ನಿಂತ. ಇಷ್ಟೇನಾ ಅನ್ನಿಸಿತು. ಮೇಲೆ ತಲುಪಿದರೆ ಬಾಗಿಲೇ ಇರಲಿಲ್ಲ. ಚೌಕಟ್ಟಿತ್ತು, ಕೀಲು ಕಿತ್ತ ಜಾಗದಲ್ಲಿ ತೂತುಗಳಿದ್ದವು, ಅಡ್ಡಕ್ಕೆ ಹಗ್ಗ ಕಟ್ಟಿ ಹೂವಿನ ಚಿತ್ರದ ಹಳೆಯ ಹೊದಿಕೆ ಇಳಿಬಿಟ್ಟಿದ್ದರು. ಅದು ಗಾಳಿಗೆ ಸರಿದಾಗ ಒಳಗೆ ಕಿಟಕಿಯ ಬೆಳಕಿಗೆ ಬೆನ್ನು ಕೊಟ್ಟು ಒಬ್ಬಳು ಕೂತಿದ್ದಳು. ತೊಡೆಯ ಮೇಲೆ ಬಿಳಿ ಅಂಗಿ, ಪಕ್ಕದಲ್ಲಿ ಅಂಗಿಗಳ ರಾಶಿ. ಗುಂಡಿಯ ಕಾಜಾ ಹೊಲಿಯುತ್ತಿದ್ದಳು.

"ಅಂಗಿ ಇನ್ನೂ ಆಗಿಲ್ಲ, ನಾಳೆ ನಂಗೆ ಬೇರೆ ಕೆಲಸ ಇದೆ, ನಾಡಿದ್ದು ಬನ್ನಿ ಅಂತ ಹೇಳಿದ್ದೆನಲ್ಲ" ಎಂದಳು. ಕೈಯಲ್ಲಿದ್ದ ಚೀಲ ನೋಡಿ ದರ್ಜಿಯ ಕಡೆಯವನೆಂದುಕೊಂಡಿದ್ದಳು. ಅವನು ಅಲ್ಲ ಎನ್ನಲಿಲ್ಲ. ಏದುಸಿರು ಬಿಡುತ್ತ ಚೌಕಟ್ಟು ಹಿಡಿದು ನಿಂತ.

"ಅಯ್ಯೋ, ಕೂತ್ಕೊಳ್ಳಿ ಮೊದಲು. ಈ ಮೆಟ್ಟಿಲು ಎಂಥವರನ್ನೂ ಮೆತ್ತಗೆ ಮಾಡುತ್ತೆ." ಒಂದೇ ಇದ್ದ ಕುರ್ಚಿಯಿಂದ ಅಂಗಿಗಳನ್ನು ತೆಗೆದಳು. ಲೋಟದಲ್ಲಿ ನೀರು ಕೊಟ್ಟಳು. ಅವಳ ಎಡಗೈ ತೋರುಬೆರಳಿನ ತುದಿ ಸೂಜಿ ಚುಚ್ಚಿ ಚುಚ್ಚಿ ಕಾಯಿಗಟ್ಟಿತ್ತು. ಅವನು ನೀರು ಕುಡಿದ, ಪೂರ್ತಿ ಕುಡಿದ.

"ಬಾಗಿಲು?" ಎಂದು ಕೇಳಿದ.

"ಅದೊಂದು ಪುರಾಣ. ಎರಡು ವರ್ಷ ಆಯ್ತು. ಕೀಲು ಸಡಿಲ ಆಗಿದೆ, ಸರಿ ಮಾಡಿಸಿ ತರ್ತೀನಿ ಅಂತ ಅಣ್ಣ ಗಾಡಿ ಮೇಲೆ ಹೇರಿಕೊಂಡು ಹೋದ. ಅಷ್ಟರಲ್ಲಿ ಅವನಿಗೂ ನಂಗೂ ಮಾತು ಬಂತು. ಬಾಗಿಲು ಅಲ್ಲೇ ಉಳೀತು. ಜಗಳ ಶುರುವಾಗಿದ್ದೇ ಬಾಗಿಲಿಗೆ, ಈಗ ಮನೆಗೇ ಬಂದಿದೆ." ಅವಳು ನಕ್ಕು ದಾರ ಕಚ್ಚಿದಳು. "ನಾಳೆ ಕೋರ್ಟಿದೆ. ನೋಟಿಸು ಮುಟ್ಟಿದೆ ಅಂತ ಅಲ್ಲಿ ಬರೆದಿದೆಯಂತೆ. ನಂಗಂತೂ ಮುಟ್ಟಿಲ್ಲ. ನಮ್ಮ ವಕೀಲರು, ಕೇಳಿದಷ್ಟಕ್ಕೆ ಉತ್ತರ ಹೇಳಮ್ಮ, ಜಾಸ್ತಿ ಮಾತಾಡಬೇಡ ಅಂದಿದಾರೆ. ನಂಗೆ ಮಾತು ಜಾಸ್ತಿ, ನೋಡಿ, ನಿಮ್ಮ ಹತ್ರಾನೇ ಎಷ್ಟು ಮಾತಾಡಿದೆ."

ಅವಳ ವಕೀಲ ಷರಾ ಓದಿದ್ದಾನೆ, ಮನೆ ನೋಡಿಲ್ಲ. ಅವಳು ಮನೆಯಲ್ಲೇ ಇದ್ದಾಳೆ, ಷರಾ ಓದಿಲ್ಲ. ಬಾಗಿಲು ಒಯ್ದ ಅಣ್ಣನೂ ವಾರಂಟು ತಂದ ಜೊತೆಗಾರನೂ ಅದನ್ನು ಓದಿರಲಾರರು. ಬೀಗ ಹಾಕಿದ ಬಾಗಿಲಿಗೆ ಅಂಟಿಸಿದೆ ಎಂದು ಅವನು ಬರೆದದ್ದೂ, ಅಲ್ಲಿ ಬಾಗಿಲಾಗಲಿ ಬೀಗವಾಗಲಿ ಇಲ್ಲವೆಂಬುದೂ ಒಟ್ಟಿಗೆ ಗೊತ್ತಿರುವವನು ಜಗತ್ತಿನಲ್ಲಿ ಅವನೊಬ್ಬನೇ, ಅವಳ ಕುರ್ಚಿಯಲ್ಲಿ ಕೂತಿದ್ದಾನೆ. ಹೇಳಿಬಿಡಲೇ ಅನ್ನಿಸಿತು. ಬಾಯಿಯವರೆಗೆ ಬಂತು. "ನಾಡಿದ್ದು ಬರ್ತೀನಿ" ಎಂದು ಎದ್ದ. ಇಳಿಯುವಾಗ ಮೆಟ್ಟಿಲು ಎಣಿಸಲಿಲ್ಲ.

ಕೋರ್ಟಿನ ಮೊಗಸಾಲೆಯಲ್ಲಿ ಅಣ್ಣ ತಂಗಿ ಒಂದೇ ಬೆಂಚಿನ ಎರಡು ತುದಿಯಲ್ಲಿ ಕೂತಿದ್ದರು. ನಡುವೆ ಮೂರು ಜನ ಕೂರುವಷ್ಟು ಜಾಗ ಖಾಲಿಯಿತ್ತು, ಜನ ನಿಂತಿದ್ದರೂ ಯಾರೂ ಅಲ್ಲಿ ಕೂರಲಿಲ್ಲ. ಇಬ್ಬರೂ ಬಲಗಾಲನ್ನು ಒಂದೇ ರೀತಿ ಅಲ್ಲಾಡಿಸುತ್ತಿದ್ದರು. ಅಣ್ಣ ದಪ್ಪಗಿದ್ದ, ದಣಿದಿದ್ದ, ಆಗಾಗ ಜೇಬಿನಿಂದ ಗುಳಿಗೆ ತೆಗೆದು ನೀರಿಲ್ಲದೆ ನುಂಗುತ್ತಿದ್ದ. ಕೆಟ್ಟವನಂತೆ ಕಾಣುತ್ತಿರಲಿಲ್ಲ. ಬಾಗಿಲು ಈಗಲೂ ಅವನ ಮನೆಯಲ್ಲಿ ಗೋಡೆಗೆ ಒರಗಿ ನಿಂತಿರಬಹುದು, ಹಾದುಹೋಗುವಾಗಲೆಲ್ಲ ಅವನ ಭುಜಕ್ಕೆ ತಾಗುತ್ತಿರಬಹುದು ಎಂದು ಅಮೀನನಿಗೆ ಅನ್ನಿಸಿತು. ಅವಳ ಕಣ್ಣಿಗೆ ಬೀಳದಂತೆ ಕಂಬದ ಹಿಂದೆ ನಿಂತ. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡವನ ಕತೆ ನೆನಪಾಗಿ, ಅಂಗಿಯ ಒಳಜೇಬು ಮುಟ್ಟಿಕೊಳ್ಳುತ್ತಿದ್ದ ಕೈಯನ್ನು ಕೆಳಗಿಳಿಸಿದ. ಬೆರಳಿಗೆ ಹಿಟ್ಟು ಹತ್ತಿತ್ತು. ಜೊತೆಗಾರ ಬಂದು ಕಿವಿಯ ಹತ್ತಿರ, "ಹೆದರಬೇಡ. ನೆನಪಿಲ್ಲ ಅನ್ನು. ಸಾವಿರಾರು ಮನೆ ತಿರುಗೋನು, ಯಾವುದು ಅಂತ ನೆನಪಿಟ್ಕೊಳ್ತೀಯ? ಹಾವೂ ಸಾಯಲ್ಲ, ಕೋಲೂ ಮುರಿಯಲ್ಲ" ಎಂದ. ಒಳ್ಳೆಯ ಮನಸ್ಸಿನಿಂದಲೇ ಹೇಳಿದ್ದ. ಅವನೂ ಎಷ್ಟು ಮೆಟ್ಟಿಲು ಹತ್ತದೆ ಬಿಟ್ಟಿದ್ದಾನೋ. ಹೆಸರು ಕೂಗಿದರು. ಇಷ್ಟು ವರ್ಷ ಈ ಕೋಣೆಯೊಳಗೆ ಫೈಲು ಹಿಡಿದು ಓಡಾಡಿದ್ದರೂ ಕಟಕಟೆಯ ಒಳಗಿನಿಂದ ಅದನ್ನು ನೋಡಿರಲಿಲ್ಲ. ಕಟಕಟೆಯ ಮರ ಬೇರೆಯವರ ಬೆವರಿನಿಂದ ನುಣುಪಾಗಿತ್ತು. ಸತ್ಯವನ್ನೇ ಹೇಳುತ್ತೇನೆ ಎಂದು ಹೇಳಿದ. ತಲೆ ಎತ್ತಿದಾಗ, ಒಳಗಿನ ಬೆಂಚಿನಲ್ಲೂ ಅಣ್ಣನಿಂದ ದೂರದ ತುದಿಯಲ್ಲಿ ಕೂತಿದ್ದ ಅವಳು ನೋಡುತ್ತಿದ್ದಳು. ಮೊದಲು ಗುರುತಿನ ನಗು ಬಂತು, ಅಂಗಿ ತೆಗೆದುಕೊಂಡು ಹೋಗಲು ಇಲ್ಲಿಗೇ ಬಂದಿರಾ ಎನ್ನುವ ಹಾಗೆ. ಆಮೇಲೆ ನಗು ಅರ್ಧಕ್ಕೇ ನಿಂತಿತು.

ಅಣ್ಣನ ವಕೀಲ ಷರಾ ತೋರಿಸಿ, ಇದು ನಿಮ್ಮದೇ ಬರಹವೇ ಎಂದ. ನನ್ನದೇ ಎಂದ. ಅಲ್ಲಿಗೆ ಆ ವಕೀಲನ ಕೆಲಸ ಮುಗಿಯಿತು. ತಂಗಿಯ ವಕೀಲ ಎದ್ದ. ಅವನಿಗೆ ಪಕ್ಕದ ಕೋಣೆಯಲ್ಲಿ ಇನ್ನೊಂದು ಕೇಸಿತ್ತು, ಪ್ರಶ್ನೆ ಕೇಳುವಾಗಲೂ ಒಂದು ಕಣ್ಣು ಬಾಗಿಲ ಕಡೆಗೇ ಇತ್ತು. "ನೀವು ಆ ದಿನ ಸ್ಥಳಕ್ಕೇ ಹೋಗಿಲ್ಲ ಅಂತ ನಾನು ಹೇಳ್ತೀನಿ." ಸರಿಯಲ್ಲ, ಹೋಗಿದ್ದೆ ಎಂದ ಅಮೀನ. ಇದು ಸುಳ್ಳಲ್ಲ, ಬುಡದವರೆಗೆ ಹೋಗಿದ್ದು ನಿಜ ಎಂದು ಮನಸ್ಸು ಕೂಡಲೇ ಲೆಕ್ಕ ಒಪ್ಪಿಸಿತು. ಆ ಮನಸ್ಸಿನ ಚುರುಕು ಕಂಡು ಅವನಿಗೆ ನಾಚಿಕೆಯಾಯಿತು. ಅವಳು ವಕೀಲನ ಕರಿ ಕೋಟಿನ ತೋಳು ಹಿಡಿದು ಎಳೆದು ಏನೋ ಹೇಳಲು ಹೋದಳು. "ಆಮೇಲಮ್ಮ, ಆಮೇಲೆ" ಎಂದು ಅವನು ತೋಳು ಬಿಡಿಸಿಕೊಂಡ. "ನೋಟಿಸು ಅಂಟಿಸಿಲ್ಲ, ಸುಳ್ಳು ಷರಾ ಬರೆದಿದ್ದೀರಿ ಅಂತ ಹೇಳ್ತೀನಿ." ಅಮೀನ ಸರಿಯಲ್ಲ ಎಂದ. ಸಾಕ್ಷಿ ಬರೆದುಕೊಳ್ಳುತ್ತಿದ್ದ ಬೆರಳಚ್ಚಿನವಳು ಅದನ್ನು ಟೈಪು ಹೊಡೆದಳು. ಎಷ್ಟು ಸುಲಭವಾಗಿ ಆಗಿಹೋಯಿತು. "ಅಷ್ಟೇ ಸ್ವಾಮಿ" ಎಂದು ವಕೀಲ ಕೂರದೆಯೇ ಫೈಲು ಮಡಚಿದ. ಬಾಗಿಲಿನ ಬಗ್ಗೆ ಯಾರೂ ಕೇಳಲಿಲ್ಲ. ನೆಗಡಿಯಾಗಿ ಬೆಳಗಿನಿಂದ ಮೂಗು ಒರೆಸಿಕೊಳ್ಳುತ್ತಿದ್ದ ನ್ಯಾಯಾಧೀಶರು ಇಳಿಯಬಹುದು ಎನ್ನುವ ಹಾಗೆ ಕೈ ಆಡಿಸಿದರು. ಐದು ತಿಂಗಳು ಕೈಗೆ ವಾಪಸು ಬಂತು. ಅವನು ಕಟಕಟೆಯ ಪುಟ್ಟ ಗೇಟಿನ ಚಿಲಕಕ್ಕೆ ಕೈ ಹಾಕಿದ. ಅವಳು ಈಗ ವಕೀಲನನ್ನು ನೋಡುತ್ತಿರಲಿಲ್ಲ, ಇವನನ್ನೇ ನೋಡುತ್ತಿದ್ದಳು, ಸಿಟ್ಟಿನಿಂದಲ್ಲ. ಕೇಳಿದಷ್ಟಕ್ಕೇ ಉತ್ತರ ಹೇಳಬೇಕು ಎಂದು ಹೇಳಿಸಿಕೊಂಡ ಶಾಲೆಯ ಹುಡುಗಿಯ ಹಾಗೆ, ಯಾರೂ ಏನೂ ಕೇಳದೆ ತುಟಿ ಬಿಗಿಹಿಡಿದು ಕೂತಿದ್ದಳು. ಅವನಿಗೆ ಇಡೀ ದೇಹ ಒಮ್ಮೆಲೇ ಸಾಕಾಯಿತು. ಧೈರ್ಯ ಬಂತೆಂದಲ್ಲ. ಈ ಕಾಗದವನ್ನು ಮತ್ತೆ ಮೈದಾ ಡಬ್ಬಿಯ ಅಡಿಗೆ ಇಡುವ ಶಕ್ತಿ ಇರಲಿಲ್ಲ, ಅಷ್ಟೇ.

"ಅಲ್ಲಿ ಬಾಗಿಲೇ ಇಲ್ಲ ಸ್ವಾಮಿ" ಎಂದ.

"ಏನು?"

"ಆ ಮನೆಗೆ ಬಾಗಿಲೇ ಇಲ್ಲ. ಬಾಗಿಲಿಗೆ ಅಂಟಿಸಿದೆ ಅಂತ ಬರೆದೆ. ಈಗ ಸರಿಯಲ್ಲ ಅಂದಿದ್ದೂ ಸುಳ್ಳು. ನಾನು ಮೇಲೆ ಹತ್ತಲೇ ಇಲ್ಲ."

ಪಕ್ಕದ ಕೋಣೆಗೆ ಹೊರಟಿದ್ದ ವಕೀಲ ನಿಂತ. ಅಣ್ಣ ಗುಳಿಗೆಯ ಡಬ್ಬಿಯ ಮುಚ್ಚಳ ಹಾಕುವುದನ್ನು ಮರೆತ. ನ್ಯಾಯಾಧೀಶರು ಕರವಸ್ತ್ರ ಇಳಿಸಿ, "ಯೋಚನೆ ಮಾಡಿ ಹೇಳ್ತಿದೀರಾ? ನಿಮ್ಮನ್ನ ಯಾರೂ ಅದನ್ನ ಕೇಳಿಲ್ಲ" ಎಂದರು. ಕೇಳಿಲ್ಲ ಎಂದು ಇವನೂ ಒಪ್ಪಿಕೊಂಡ. ಅವರು ಅವನನ್ನು ಒಂದು ಗಳಿಗೆ ನೋಡಿದರು. ಹತ್ತಾರು ಸಲ ಅವನ ಕೈಯಿಂದ ಫೈಲು ತೆಗೆದುಕೊಂಡಿದ್ದರೂ ಮುಖ ನೋಡಿದ್ದು ಇದೇ ಮೊದಲಿರಬೇಕು. ಆಮೇಲೆ ಬೆರಳಚ್ಚಿನವಳ ಕಡೆ ತಿರುಗಿ, ದಣಿದ ದನಿಯಲ್ಲಿ, ಸಾಕ್ಷಿದಾರರು ತಾವಾಗಿಯೇ ನುಡಿಯುತ್ತಾರೆ ಎಂದು ಹೇಳಿ ಬರೆಸತೊಡಗಿದರು. ಅವನು ಆ ಮಾತನ್ನು ಸಾವಿರ ಸಲ ಕೇಳಿದ್ದ. ಬಿಸಿಲು, ಓದು ಎಂದ ಯಜಮಾನ, ಅಣಕಿಸಿದ ಹುಡುಗಿ ಯಾವುದನ್ನೂ ಅವನು ಹೇಳಲಿಲ್ಲ. ಹೇಳಿದ್ದರೂ ಬರೆಸುತ್ತಿರಲಿಲ್ಲ. ಹತ್ತಲಿಲ್ಲ, ಅಂಟಿಸಲಿಲ್ಲ, ಷರಾ ಮೆಟ್ಟಿಲ ಬುಡದಲ್ಲಿ ಕೂತು ಬರೆದದ್ದು. ಮೂರು ಸಾಲಿನಲ್ಲಿ ಮುಗಿಯಿತು.

"ಆ ಪ್ರತಿ ಏನಾಯ್ತು?"

ಅವನು ಒಳಜೇಬಿನಿಂದ ತೆಗೆದು ಚಾಚಿದ. ನ್ಯಾಯಾಧೀಶರು ಬಿಡಿಸಿದಾಗ ಮೇಜಿನ ಹಸಿರು ಬಟ್ಟೆಯ ಮೇಲೆ ಹಿಟ್ಟು ಉದುರಿತು. ಕಾಗದದ ನಡುವೆ ಡಬ್ಬಿಯ ತಳದ ದುಂಡು ಗುರುತಿತ್ತು. ಅವರು ಅದನ್ನು ಪೂರ್ತಿ ಓದಿ, ಸಂಖ್ಯೆ ಬರೆಸಿಕೊಂಡರು. "ಹಳೇ ತೀರ್ಪು ಇನ್ನು ನಿಲ್ಲಲ್ಲ. ಮೊದಲಿಂದ ಕೇಳಬೇಕಾಗುತ್ತೆ, ಇಬ್ಬರನ್ನೂ" ಎಂದು ವಕೀಲರಿಗೆ ಹೇಳಿದರು. ಅಮೀನನಿಗೆ, "ನಿಮ್ಮ ಮೇಲೆ ವರದಿ ಬರೀದೇ ಬೇರೆ ದಾರಿ ಇಲ್ಲ" ಎಂದರು. ಗದರಿದಂತೆ ಹೇಳಲಿಲ್ಲ, ಆದ್ದರಿಂದಲೇ ಕೇಳಲು ಕಷ್ಟವಾಯಿತು. ಮಧ್ಯಾಹ್ನ ಹೆಂಡತಿಗೆ ಏನು ಹೇಳುವುದೆಂದು ಯೋಚಿಸಿದ. ಮುಂದಿನ ಸೋಮವಾರ ಅವಳು ಸೌಟು ಹಿಡಿದು ಏನು ಮಾಡುತ್ತಾಳೆ? ನ್ಯಾಯಾಧೀಶರು ಕಾಗದವನ್ನು ಅವನ ಕಡೆಗೇ ಚಾಚಿದ್ದರು. "ಇದು ಅವರದು. ಅವರಿಗೆ ಕೊಡಿ. ಸಹಿ ಮಾಡಿಸಿಕೊಳ್ಳಿ."

ಕಟಕಟೆಯಿಂದ ಬೆಂಚಿಗೆ ಆರು ಹೆಜ್ಜೆ. ಎಲ್ಲರೂ ನೋಡುತ್ತಿದ್ದರು. ಅವಳು ಎದ್ದು ನಿಂತು ಎರಡು ಕೈಯಲ್ಲಿ ತೆಗೆದುಕೊಂಡಳು. ಅಷ್ಟು ಮರ್ಯಾದೆಯಿಂದ ಅವನ ಕೈಯಿಂದ ಯಾರೂ ನೋಟಿಸು ತೆಗೆದುಕೊಂಡಿರಲಿಲ್ಲ. ಬೆರಳಿಟ್ಟು ಓದಿದಳು. ತನ್ನ ಹೆಸರು, ಅಣ್ಣನ ಹೆಸರು, ಎಂದೋ ಕಳೆದುಹೋದ ಒಂದು ಬುಧವಾರ ಬೆಳಗ್ಗೆ ಹನ್ನೊಂದು ಗಂಟೆಗೆ ಹಾಜರಾಗಿ ಹೇಳುವುದೇನಾದರೂ ಇದ್ದರೆ ಹೇಳತಕ್ಕದ್ದು ಎಂಬ ಸಾಲು. "ಇದೊಂದು ಕೈಗೆ ಸಿಕ್ಕಿದ್ರೆ ನಾನು ಬರ್ತಿದ್ದೆ" ಎಂದಳು, ಯಾರಿಗೆ ಎಂದಿಲ್ಲದೆ. "ಒಂದು ದಿನ ಕೆಲಸ ಬಿಟ್ಟು ಬರ್ತಿದ್ದೆ. ಬಂದು ಹೇಳ್ತಿದ್ದೆ." ಬೆಂಚಿನ ಆ ತುದಿಯಲ್ಲಿ ಅಣ್ಣ ನೆಲ ನೋಡಿದ. ಬೆರಳಚ್ಚಿನವಳು, "ಇದನ್ನೂ ಹೊಡೀಲಾ ಸಾರ್?" ಎಂದು ಮೆಲ್ಲಗೆ ಕೇಳಿದಳು.

ಅಮೀನ ಅಭ್ಯಾಸದಂತೆ ಪೆನ್ನು ಚಾಚಿ, ಸಹಿ ಎಲ್ಲಿ ಎಂದು ಬೆರಳಿನಿಂದ ತೋರಿಸಿದ. ಅವಳು ಬಗ್ಗಿ, ಒಂದೊಂದೇ ಅಕ್ಷರ ಕೂಡಿಸಿ, ಕಾಜಾ ಹೊಲಿದಷ್ಟು ಅಚ್ಚುಕಟ್ಟಾಗಿ ಸಹಿ ಹಾಕಿದಳು. ಪೆನ್ನು ವಾಪಸು ಕೊಡುವಾಗ ಅವನ ಮುಖ ನೋಡಿದಳು.

"ಅವತ್ತು ಹತ್ತಿ ಬಂದಿದ್ರೂ ನೀರು ಕೊಡ್ತಿದ್ದೆನಲ್ಲ" ಎಂದಳು.